84ಕ್ಕೆ ನಿಂತ ತೂಕ ಮತ್ತೆ ಇಳಿದದ್ದು: ಸ್ಲೀವ್ ಆದ ಮೇಲಿನ ನನ್ನ ಅನುಭವ

ಸ್ಲೀವ್, ಅಂದರೆ ತೂಕ ಇಳಿಸಲು ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವ ಆಪರೇಷನ್, ಆದ ಮೇಲೆ ತೂಕ ನಿಂತರೆ ಅಲ್ಲಿಗೆ ಮುಗಿಯಿತು, ಅದೇ ನಿನ್ನ ಕೊನೆಯ ತೂಕ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. 84 ಕಿಲೋದಲ್ಲಿ ನಾಲ್ಕು ತಿಂಗಳ ಮೇಲೆ ನಿಂತಿದ್ದೆ. ಈಗ 71ರ ಆಚೀಚೆ ಇದ್ದೇನೆ, ಇಲ್ಲಿಗೆ ಬಂದು ಮೂರು ತಿಂಗಳಾಗುತ್ತಾ ಬಂತು. ಹೇಗೆ ಇಳಿಸಿದಿರಿ ಎಂದು ಫೋನ್ ಮಾಡಿದವರಿಗೆಲ್ಲ ತುಂಡುತುಂಡಾಗಿ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ. ಊಟಕ್ಕೂ ನೀರಿಗೂ ಅರ್ಧ ಗಂಟೆ ಅಂತರ ಏಕೆ, ಮಾತ್ರೆಗಳು ಏಕೆ ಎಂಬುದೆಲ್ಲ ಆಪರೇಷನ್ ಆದವರಿಗೆ ಗೊತ್ತಿರುವುದೇ, ಅದನ್ನು ಮತ್ತೆ ಹೇಳುವುದಿಲ್ಲ.

ನಮ್ಮದು ಮಡಿಕೇರಿಯಿಂದ ಸ್ವಲ್ಪ ಒಳಗೆ. ಆರು ಎಕರೆ ಕಾಫಿ, ಜೊತೆಗೆ ಐದು ಕೋಣೆಯ ಹೋಮ್‌ಸ್ಟೇ. ಅಡುಗೆ ಪೂರ್ತಿ ನನ್ನದೇ. ಆಪರೇಷನ್ ಆಗುವಾಗ ತೂಕ 112, ಎತ್ತರ ಐದಡಿ ಎರಡಿಂಚು, ಶುಗರ್ ಮತ್ತು ಬಿ.ಪಿ. ಎರಡೂ ಇತ್ತು. ಮೈಸೂರಿನಲ್ಲಿ ಮಾಡಿಸಿದ್ದು. ಓಡಾಟ, ಟೆಸ್ಟು ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ ಆಯಿತು. ವಿಮೆಯಿಂದ ಅರ್ಧಕ್ಕಿಂತ ತುಸು ಹೆಚ್ಚು ಬಂತು, ಉಳಿದದ್ದಕ್ಕೆ ಆ ವರ್ಷದ ಕಾಫಿ ದುಡ್ಡು ಹೋಯಿತು. ಮೂರನೇ ವಾರ ಒಮ್ಮೆ ತೂಕ ನಿಂತಿತ್ತು. ಅದು ಹೆಚ್ಚಿನವರಿಗೆ ನಿಲ್ಲುತ್ತದೆ, ತಾನಾಗಿಯೇ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಆರೇಳು ತಿಂಗಳಿಗೆ 84ಕ್ಕೆ ಬಂದೆ, ಶುಗರ್ ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದರು. ಅಷ್ಟರಲ್ಲಿ ಜೂನ್ ಮಳೆ ಹಿಡಿಯಿತು. ತೂಕ ಅಲ್ಲೇ ಕೂತಿತು.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ, ದುಡ್ಡು ಹೆಚ್ಚು ಹೋದದ್ದು ಅಲ್ಲೇ.

ನನ್ನ ಆಸುಪಾಸಿನಲ್ಲೇ ಆಪರೇಷನ್ ಆದ ಕುಶಾಲನಗರದ ಒಬ್ಬರು "ಮತ್ತೆ ಐದು ದಿನ ಬರೀ ದ್ರವದ ಮೇಲೆ ಇರಿ, ಹೊಟ್ಟೆ ಹೊಸದಾಗುತ್ತದೆ" ಎಂದರು. ಇದ್ದೆ. ಎರಡು ಕಿಲೋ ಹೋಯಿತು. ಗಟ್ಟಿ ಊಟ ಶುರು ಮಾಡಿದ ವಾರದೊಳಗೆ ಅಷ್ಟೂ ವಾಪಸ್. ಹೋದದ್ದು ನೀರು, ಬಂದದ್ದೂ ನೀರು. ಇನ್ನೊಮ್ಮೆ ಮಾಡಿದಾಗ ಸುಸ್ತಾಗಿ ಒಲೆ ಮುಂದೆ ನಿಲ್ಲಲೂ ಆಗಲಿಲ್ಲ, ಕೂದಲು ಉದುರುವುದು ನಿಲ್ಲುತ್ತಾ ಬಂದಿದ್ದು ಮತ್ತೆ ಜೋರಾಯಿತು. ಆಮೇಲೆ ಮಡಿಕೇರಿಯ ಜಿಮ್ಮು. ತಿಂಗಳಿಗೆ ಸಾವಿರದ ಇನ್ನೂರೋ ಮುನ್ನೂರೋ, ಪೆಟ್ರೋಲು ಬೇರೆ. ಅಲ್ಲಿನ ಹುಡುಗ ದಿನಾ ಒಂದು ಗಂಟೆ ಟ್ರೆಡ್‌ಮಿಲ್ ಮೇಲೆ ಓಡಾಡಿಸಿದ. ಎರಡು ತಿಂಗಳಿಗೆ ಮೊಣಕಾಲು ನೋವು ಬಂತು, ತೂಕ 84 ಬಿಟ್ಟು ಕದಲಲಿಲ್ಲ.

ಮೂರನೆಯದು ಕಾಚಂಪುಳಿ. ನಾವು ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವ ಈ ಹುಳಿಯ ಹಣ್ಣೇ ಹೊರದೇಶಗಳಲ್ಲಿ ಗಾರ್ಸೀನಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಮಾರಾಟವಾಗುತ್ತದೆ. ಮನೆಯಲ್ಲಿ ಬಾಟಲಿಗಟ್ಟಲೆ ಇರುವಾಗ ನೋಡೋಣ ಎಂದು ಬೆಳಿಗ್ಗೆ ಬಿಸಿನೀರಿಗೆ ಒಂದು ಚಮಚ ಹಾಕಿ ಎರಡು ವಾರ ಕುಡಿದೆ. ಸ್ಲೀವ್ ಆದವರಿಗೆ ಹುಳಿತೇಗಿನ ಕಾಟ ಮೊದಲೇ ಇರುತ್ತದೆ. ನನಗೆ ರಾತ್ರಿ ಮಲಗಲೂ ಆಗದಷ್ಟು ಎದೆಯುರಿ ಬಂತು. ತೂಕಕ್ಕೆ ಏನೂ ಆಗಲಿಲ್ಲ. ಕ್ಯಾಪ್ಸೂಲನ್ನಂತೂ ಮುಟ್ಟಬೇಡಿ, ಅದನ್ನು ನುಂಗಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಕಾಚಂಪುಳಿ ಇರಬೇಕಾದ್ದು ಕರಿಯಲ್ಲಿ.

2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂದ, ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ಬಗ್ಗೆಯೂ ಡಾಕ್ಟರ ಹತ್ತಿರ ಕೇಳಿದೆ. ಬೇಕಾದರೆ ಆಮೇಲೆ ಯೋಚಿಸೋಣ, ಮೊದಲು ಊಟದ ಲೆಕ್ಕ ತನ್ನಿ ಎಂದರು. ಆಗ ಕಡಿಮೆ ಡೋಸಿನ ಒಂದು ವಯಲ್‌ಗೇ ಮೂರೂವರೆ ಸಾವಿರ, ವಾರಕ್ಕೊಂದು, ಅಂದರೆ ತಿಂಗಳಿಗೆ 14 ಸಾವಿರ. ಮಳೆಗಾಲದಲ್ಲಿ ಹೋಮ್‌ಸ್ಟೇ ಖಾಲಿ ಇರುವಾಗ ಅದು ನನ್ನ ಕೈಗೆಟುಕುವ ಮಾತಾಗಿರಲಿಲ್ಲ.

ಊಟದ ಲೆಕ್ಕ ನೋಡಿದರೆ ದಿನಕ್ಕೆ ಎಂಟುನೂರು ಕ್ಯಾಲರಿಯೂ ದಾಟುತ್ತಿರಲಿಲ್ಲ. ಇಷ್ಟು ತಿಂದು 84 ಕಿಲೋ ಹೇಗೆ ನಿಲ್ಲುತ್ತದೆ ಎಂದು ತಲೆ ಕೆಟ್ಟಿತು. ಆಗ ನನಗೆ ಒಂದು ಉಪಾಯ ಹೊಳೆಯಿತು, ಇದನ್ನು ಬೇರೆ ಯಾರೂ ಮಾಡಿದ್ದು ನಾನು ಕೇಳಿಲ್ಲ. ಕೋಣೆಗಳೆಲ್ಲ ತುಂಬಿದ್ದ ಒಂದು ಶನಿವಾರ ಒಲೆ ಪಕ್ಕ ಖಾಲಿ ಪಾತ್ರೆ ಇಟ್ಟುಕೊಂಡೆ. ಉಪ್ಪು ಖಾರ ನೋಡಲು ಬಾಯಿಗೆ ಎಷ್ಟು ಹಾಕಿಕೊಂಡೆನೋ ಅಷ್ಟನ್ನೇ ಇನ್ನೊಂದು ಚಮಚದಲ್ಲಿ ಪಾತ್ರೆಗೂ ಹಾಕುತ್ತಾ ಹೋದೆ. ಪಂದಿ ಕರಿಯ ರಸ, ಕೋಳಿ ಸಾರು, ಪಾಯಸ, ನೂಲ್‌ಪುಟ್ಟಿನ (ಅಕ್ಕಿ ಶಾವಿಗೆ) ತುದಿ, ಎಲ್ಲ. ರಾತ್ರಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಕಾಲು ಕಿಲೋ! ಅದರಲ್ಲಿ ಹೆಚ್ಚಿನದು ಎಣ್ಣೆ, ಕೊಬ್ಬು, ತೆಂಗಿನಹಾಲು. ನಮ್ಮ ಸಣ್ಣ ಹೊಟ್ಟೆ ಗಟ್ಟಿ ಊಟವನ್ನು ತಡೆಯುತ್ತದೆ, ಚಮಚ ಚಮಚವಾಗಿ ಜಾರುವುದನ್ನು ತಡೆಯುವುದಿಲ್ಲ.

ಲೆಕ್ಕದಿಂದ ತಪ್ಪಿಸಿಕೊಂಡ ಎರಡನೆಯದು ಬೆಲ್ಲದ ಕಾಫಿ. ಕೊಡಗಿನಲ್ಲಿ ಯಾರ ಮನೆ ಮೆಟ್ಟಿಲು ಹತ್ತಿದರೂ ಕಾಫಿ, ನಮ್ಮ ಮೆಟ್ಟಿಲು ಹತ್ತಿದವರಿಗೂ ಕಾಫಿ, ಅವರ ಜೊತೆ ನನಗೂ ಅರ್ಧ ಲೋಟ. ಬೆಲ್ಲ ತೂಗಿ ನೋಡಿದರೆ ಒಂದು ಲೋಟಕ್ಕೆ ಅರವತ್ತು ಎಪ್ಪತ್ತು ಕ್ಯಾಲರಿ. ಮಳೆಯಲ್ಲಿ ದಿನಕ್ಕೆ ಐದಾರು ಲೋಟ ಆಗುತ್ತಿತ್ತು, ಅಂದರೆ ನಾನೂರರ ಹತ್ತಿರ. ನನ್ನ ಊಟದ ಅರ್ಧದಷ್ಟು ಕಾಫಿಯಲ್ಲೇ ಹೋಗುತ್ತಿತ್ತು.

ಅಲ್ಲಿಂದ ನನ್ನ ಕ್ರಮ ಶುರುವಾಯಿತು: ತಟ್ಟೆಯಲ್ಲಿ ಹೆಚ್ಚು, ತಟ್ಟೆಯ ಹೊರಗೆ ಸೊನ್ನೆ. ಉಪ್ಪು ನೋಡುವ ಕೆಲಸವನ್ನು ಅಡುಗೆ ಸಹಾಯಕ್ಕೆ ಬರುವ ಹುಡುಗಿಗೆ ಒಪ್ಪಿಸಿದೆ, ತಿಂಗಳಿಗೆ ಸಾವಿರ ಹೆಚ್ಚು ಕೊಟ್ಟೆ. ಅವಳ ನಾಲಿಗೆ ಪಳಗುವವರೆಗೆ ಒಂದೆರಡು ಸಲ ಅತಿಥಿಗಳಿಂದ ಮಾತು ಬಂತು, ಆಮೇಲೆ ಸರಿಹೋಯಿತು. ಕಾಫಿ ದಿನಕ್ಕೆ ಎರಡೇ, ಬೆಲ್ಲ ಇಲ್ಲ. ಬೆಲ್ಲವಿಲ್ಲದ ಕಾಫಿ ನಾಲಿಗೆಗೆ ಒಗ್ಗಲು ನಾನು ಡಿಕಾಕ್ಷನ್ನಿಗೆ ಒಂದು ವಸ್ತು ಸೇರಿಸುತ್ತೇನೆ, ತೋಟದಲ್ಲೇ ಬೆಳೆಯುವುದು. ಅದೇನೆಂದು ನಮ್ಮಲ್ಲಿಗೆ ಬಂದು ಕುಡಿದವರಿಗೆ ಮಾತ್ರ ಹೇಳುತ್ತೇನೆ.

ತಟ್ಟೆಯಲ್ಲಿ ಹೆಚ್ಚು ಅಂದದ್ದು ಪ್ರೊಟೀನ್. ಅರವತ್ತು ಗ್ರಾಂ ದಾಟಬೇಕು ಎಂದು ನಮಗೆಲ್ಲ ಹೇಳಿರುತ್ತಾರೆ, ನಾನು ನಲವತ್ತೈದರಲ್ಲಿದ್ದೆ. 85ರ ಹತ್ತಿರ ತರಬೇಕೆಂದು ಡಯಟಿಷಿಯನ್ ಹತ್ತಿರ ಕೇಳಿದಾಗ ಅವರು ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ, ಕಿಡ್ನಿ ಸರಿಯಿದೆ ಎಂದ ಮೇಲೆ ಒಪ್ಪಿದರು. ಬೆಳಿಗ್ಗೆ ಎರಡು ಮೊಟ್ಟೆ, ಇನ್ನೊಂದರ ಬಿಳಿ. ಹತ್ತೂವರೆಗೆ ಒಂದು ಸ್ಕೂಪ್ ಪ್ರೊಟೀನ್ ಪುಡಿ, ಅದರಲ್ಲಿ 24 ಗ್ರಾಂ. ಮಧ್ಯಾಹ್ನ ಎಂಬತ್ತು ಗ್ರಾಂನಷ್ಟು ಮೀನು ಅಥವಾ ಕೋಳಿ, ಸಂಜೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ರಾತ್ರಿ ಮತ್ತೆ ಮಾಂಸ. ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿ ಕಡುಬು) ಏನಿದ್ದರೂ ಮಾಂಸ ಮುಗಿದ ಮೇಲೆ ಜಾಗ ಉಳಿದರೆ ಒಂದು ತುಂಡು. ಮಳೆಗಾಲದ ಕಣಿಲೆಗೂ (ಎಳೆ ಬಿದಿರು) ಅದೇ ನಿಯಮ. ಕಣಿಲೆ ಬರೀ ನೀರು ನಾರು, ಮೊದಲೇ ತಿಂದರೆ ಹೊಟ್ಟೆ ತುಂಬಿ ಪ್ರೊಟೀನಿಗೆ ಜಾಗ ಇರುವುದಿಲ್ಲ.

ಪುಡಿಯ ವಿಷಯದಲ್ಲಿ ಎರಡು ಸಾವಿರದ ಡಬ್ಬಿ ತಂದು ಹೊಟ್ಟೆಯುಬ್ಬರ ಬಂತು, ಡಬ್ಬಿ ಹಾಗೇ ಉಳಿಯಿತು. ಐಸೋಲೇಟ್ ಎಂಬ ಹೆಚ್ಚು ಶುದ್ಧ ಮಾಡಿದ ಪ್ರೊಟೀನ್ ಪುಡಿ ಕಿಲೋಗೆ ಮೂರೂವರೆ ಸಾವಿರದ ಮೇಲೆ, ಆದರೆ ತಿಂಗಳು ಬರುತ್ತದೆ, ಹೊಟ್ಟೆಗೂ ತೊಂದರೆಯಿಲ್ಲ. ಹಂದಿ ಮಾಂಸ ಬಿಡಬೇಕಾಗಿಲ್ಲ. ತೊಡೆಯ ಕಡೆಯದು ತೆಗೆದುಕೊಂಡು ಕೊಬ್ಬಿನ ಪದರ ಕತ್ತರಿಸಿದರೆ ಬೇಯಿಸಿದ ನೂರು ಗ್ರಾಂನಲ್ಲಿ 25 ಗ್ರಾಂ ಮೇಲೆ ಪ್ರೊಟೀನ್ ಸಿಗುತ್ತದೆ. ಕೊಬ್ಬಿಲ್ಲದ ತುಂಡು ಒಣಗಿ ಎದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುತ್ತೀರಿ, ನಿಜ. ಅದನ್ನು ಬೆಣ್ಣೆ ಹಾಗೆ ಮಾಡುವುದು ನನಗೆ ಗೊತ್ತು, ಅದು ನಮ್ಮ ಹೋಮ್‌ಸ್ಟೇಯ ಕಸುಬಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ. ಕಾಚಂಪುಳಿ ಯಾವಾಗ ಹಾಕುತ್ತೀರಿ ಎಂಬುದರಲ್ಲಿದೆ ಎಂದಷ್ಟೇ ಹೇಳುತ್ತೇನೆ.

ಮೂರನೆಯ ಭಾಗ ಭಾರ ಎತ್ತುವುದು. ಬೇಗ ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗಿರುತ್ತದೆ. 112 ಕಿಲೋ ಹೊತ್ತು ನಡೆಯುತ್ತಿದ್ದ ದೇಹಕ್ಕೆ 84ಕ್ಕೆ ಬಂದಾಗ ಅಷ್ಟು ಉರುವಲು ಬೇಕಾಗುವುದಿಲ್ಲ. ಸ್ನಾಯು ಮತ್ತೆ ಕಟ್ಟಲು ಭಾರ ಎತ್ತಬೇಕು, ಅದನ್ನು ಜಿಮ್ಮು ಬಿಟ್ಟು ಮನೆಯಲ್ಲೇ ಮಾಡಿದೆ. ಐದು ಲೀಟರ್ ನೀರಿನ ಕ್ಯಾನ್ ಎರಡು, ಆಮೇಲೆ ಹತ್ತು ಲೀಟರಿನದು, ಆರುನೂರು ರೂಪಾಯಿಯ ರಬ್ಬರ್ ಬ್ಯಾಂಡ್. ಕುರ್ಚಿಯಿಂದ ಏಳುವುದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ಬಗ್ಗಿ ಕ್ಯಾನ್ ಎಳೆಯುವುದು, ಕ್ಯಾನ್ ಹಿಡಿದು ಕಾಫಿ ಒಣಗಿಸುವ ಡ್ರೈಯಿಂಗ್ ಯಾರ್ಡ್‌ನ ಮೆಟ್ಟಿಲು ಹತ್ತುವುದು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಮಳೆ ಜೋರಿದ್ದರೆ ಜಗಲಿಯಲ್ಲಿ.

ಮನೆಯವರ ಅನುಮಾನ ಆಗ ಶುರುವಾಯಿತು. ಮೊದಲ ತಿಂಗಳು ತೂಕ ಒಂದು ಕಿಲೋ ಏರಿತು. "ಅತ್ತಿಗೆ, ಹೊಟ್ಟೆ ಕತ್ತರಿಸಿಕೊಂಡು ಬಂದು ಈಗ ಜಾಸ್ತಿ ತಿನ್ನೋದಾ? ಅಣ್ಣನ ದುಡ್ಡು ದಂಡ" ಎಂದಳು ನಾದಿನಿ. ಕುಶಾಲನಗರದವರು ಮತ್ತೆ ದ್ರವಕ್ಕೆ ಹೋಗಿ ಎಂದರು. ನಾನು ದಿನಾ ತೂಗುವುದು ಬಿಟ್ಟು ಭಾನುವಾರ ಮಾತ್ರ ತೂಗಿದೆ, ಜೊತೆಗೆ ಟೇಪ್ ಹಿಡಿದು ಸೊಂಟ ಅಳೆದೆ. ತೂಕ ಏರಿದ ಅದೇ ತಿಂಗಳು ಸೊಂಟ ಒಂದೂವರೆ ಇಂಚು ಇಳಿದಿತ್ತು. ಆ ಟೇಪ್ ಇಲ್ಲದಿದ್ದರೆ ನಾನೂ ಕೈಬಿಡುತ್ತಿದ್ದೆ. ಆರನೇ ವಾರವೋ ಏಳನೇ ವಾರವೋ 83 ಬಂತು, ಆಮೇಲೆ ತಿಂಗಳಿಗೆ ಎರಡರಂತೆ ಇಳಿಯುತ್ತಾ ಹೋಯಿತು. 76ರಲ್ಲಿ ಮತ್ತೆ ಮೂರು ವಾರ ನಿಂತಿತು, ಆಗ ಏನೂ ಬದಲಿಸಲಿಲ್ಲ, ಕ್ಯಾನಿನ ಭಾರ ಮಾತ್ರ ಹೆಚ್ಚಿಸಿದೆ. ಈಗ ನಾದಿನಿಯೇ ಮೊಟ್ಟೆ ಲೆಕ್ಕ ಕೇಳುತ್ತಾಳೆ.

ನಡುವೆ ಆಟಿ ಹದಿನೆಂಟು ಬಂತು, ಆಟಿ ತಿಂಗಳ ಹದಿನೆಂಟನೇ ದಿನ ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ಹಬ್ಬ. ಆಗಸ್ಟ್ 3ಕ್ಕೆ ಮದ್ದು ಸೊಪ್ಪಿನ ಪಾಯಸ ಬಿಡುವಂತಿಲ್ಲ. ಸೊಪ್ಪು ಕುದಿಸಿದ ನೇರಳೆ ನೀರಿಗೆ ಬೆಲ್ಲ ಹಾಕದೆ, ತೆಂಗಿನಹಾಲು ಕಡಿಮೆ ಮಾಡಿ, ಪರಿಮಳವಿಲ್ಲದ ಪುಡಿ ಒಂದು ಸ್ಕೂಪ್ ಕಲಸಿ ಗಟ್ಟಿ ಮಾಡಿದೆ. ಬಿಸಿ ಇರುವಾಗ ಹಾಕಿದರೆ ಪುಡಿ ಒಡೆದು ಗಂಟಾಗುತ್ತದೆ, ಆರಿದ ಮೇಲೆ ಹಾಕಬೇಕು. ಮದ್ದಿನ ವಾಸನೆ ಪೂರ್ತಿ ಇತ್ತು, ಮಾವನವರು ಎರಡು ಬಟ್ಟಲು ತಿಂದರು.

ನಿದ್ದೆ ಕೂಡ ಲೆಕ್ಕಕ್ಕೆ ಬರುತ್ತದೆ. ಅತಿಥಿಗಳ ಕ್ಯಾಂಪ್‌ಫೈರ್ ಹನ್ನೆರಡರವರೆಗೆ ನಡೆದರೆ ಮಾರನೇ ದಿನ ನನಗೆ ಖಾರ ಮಿಕ್ಸ್ಚರ್, ಬಿಸ್ಕತ್ತಿನ ಮೇಲೇ ಕಣ್ಣು. ಹತ್ತು ಗಂಟೆಗೆ ಬೆಂಕಿ ಆರಿಸುವ ನಿಯಮ ಮಾಡಿದೆ. ಒಂದೆರಡು ಬುಕಿಂಗ್ ಹೋದವು, ಹೋಗಲಿ.

ಕ್ರಮ ಹಿಡಿದ ಮೇಲಿನ ಖರ್ಚು ತಿಂಗಳಿಗೆ ಐದೂವರೆ ಆರು ಸಾವಿರ: ಪುಡಿ, ಮೊಟ್ಟೆ, ಹುಡುಗಿಗೆ ಹೆಚ್ಚು ಕೊಟ್ಟದ್ದು ಎಲ್ಲ ಸೇರಿ. ಶುರು ಮಾಡುವ ಮೊದಲು ಥೈರಾಯ್ಡ್, ಬಿ12, ಕಬ್ಬಿಣಾಂಶ, ವಿಟಮಿನ್ ಡಿ ನೋಡಿಸಿ. ನನ್ನ ಬಿ12 ತೀರಾ ಕೆಳಗಿತ್ತು, ಇಂಜೆಕ್ಷನ್ ಆದ ಮೇಲೆಯೇ ಭಾರ ಎತ್ತುವ ಶಕ್ತಿ ಬಂದದ್ದು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಬಿಡಿ. ತಿಂದದ್ದೆಲ್ಲ ವಾಂತಿಯಾಗುವವರು, ನುಂಗುವಾಗ ನೋವಿರುವವರು ಇದ್ಯಾವುದನ್ನೂ ಮಾಡದೆ ನೇರ ಸರ್ಜನ್ ಹತ್ತಿರ ಹೋಗಿ. ಸ್ಲೀವ್ ಅಲ್ಲದೆ ಹೊಟ್ಟೆಯ ಬೈಪಾಸ್ ಆಪರೇಷನ್ ಆದವರು ಪ್ರೊಟೀನ್ ಮತ್ತು ಮಾತ್ರೆಯ ಅಳತೆಯನ್ನು ನಿಮ್ಮ ಡಯಟಿಷಿಯನ್ ಹತ್ತಿರವೇ ಕೇಳಿಕೊಳ್ಳಿ, ನನ್ನ ಲೆಕ್ಕ ಸ್ಲೀವ್‌ದು.