ಹಳೆಯ ಗೇಮ್, ಹಳೆಯ ಕರಾರು: ಹಕ್ಕುಗಳ ಬೆನ್ನುಹತ್ತಿದ ನನ್ನ ಅನುಭವ

ಹಳೆಯ ವಿಡಿಯೊ ಗೇಮೊಂದನ್ನು ಮತ್ತೆ ಮಾರಾಟಕ್ಕೆ ತರುವುದೆಂದರೆ ಹಳೆಯ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿನಲ್ಲಿ ಓಡುವಂತೆ ಮಾಡುವುದು ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಆ ಕೆಲಸ ಸುಲಭದ್ದೆಂದು ನಾನು ಹೇಳಲಾರೆ, ಆದರೆ ನಮ್ಮ ತಾಂತ್ರಿಕ ತಂಡದವರು ಅದನ್ನು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮುಗಿಸಿಬಿಡುತ್ತಾರೆ. ವರ್ಷಗಟ್ಟಲೆ ಎಳೆಯುವುದು ನನ್ನ ಪಾಲಿನ ಕೆಲಸ. ಗೇಮನ್ನು ಮಾರಲು ಯಾರ ಯಾರ ಒಪ್ಪಿಗೆ ಬೇಕು ಎಂಬುದನ್ನು ಪತ್ತೆಹಚ್ಚಿ, ಆ ಒಪ್ಪಿಗೆಗಳನ್ನು ಬರವಣಿಗೆಯಲ್ಲಿ ಪಡೆಯುವುದಷ್ಟೇ ನನ್ನ ಉದ್ಯೋಗ. ಬೆಂಗಳೂರಿನಲ್ಲಿ ಕಾನೂನು ಓದಿ, ಇಲ್ಲಿಂದಲೇ ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನ ಕಂಪನಿಗಾಗಿ ಈ ಕೆಲಸ ಮಾಡುತ್ತಿದ್ದೇನೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಮತ್ತು ಸಾಫ್ಟ್‌ವೇರ್ ಪ್ರಿಸರ್ವೇಶನ್ ನೆಟ್‌ವರ್ಕ್ ಸೇರಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಗೇಮ್‌ಗಳ ಪೈಕಿ ಶೇ. 87ರಷ್ಟು ಆ ವೇಳೆಗೆ ಮಾರಾಟದಲ್ಲಿ ಇರಲಿಲ್ಲ. ಈ ಅಂಕಿ ನನ್ನ ಹಾಗೆ ಕೆಲಸ ಮಾಡುವವರಲ್ಲಿ ಯಾರಿಗೂ ಆಶ್ಚರ್ಯ ತರಲಿಲ್ಲ.

ಇಲ್ಲಿ ಹೇಳಹೊರಟಿರುವುದು 1990ರ ದಶಕದ ನಡುವೆ ಡಾಸ್ ಎಂಬ ಹಳೆಯ ಕಾರ್ಯಾಚರಣೆ ವ್ಯವಸ್ಥೆಯ ಕಂಪ್ಯೂಟರ್‌ಗಳಿಗಾಗಿ ಸಿಡಿಯಲ್ಲಿ ಬಂದ ಒಂದು ಕಾರ್ ರೇಸಿಂಗ್ ಗೇಮ್‌ನ ಕಥೆ. ಗೋಪ್ಯತೆಯ ಷರತ್ತಿಗೆ ಸಹಿ ಹಾಕಿರುವುದರಿಂದ ಅದರ ಹೆಸರನ್ನಾಗಲಿ ಸಂಬಂಧಪಟ್ಟ ಕಂಪನಿಗಳ ಹೆಸರನ್ನಾಗಲಿ ಹೇಳುವಂತಿಲ್ಲ. ಮ್ಯಾಂಚೆಸ್ಟರ್ ಸುತ್ತಿನ ಒಂದು ಪುಟ್ಟ ಸ್ಟುಡಿಯೊ ಅದನ್ನು ತಯಾರಿಸಿತ್ತು, ಲಂಡನ್ನಿನ ಪ್ರಕಾಶಕರೊಬ್ಬರು ಮಾರಿದ್ದರು. ಸ್ಟುಡಿಯೊ ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಪ್ರಕಾಶನ ಕಂಪನಿ ಕೈಯಿಂದ ಕೈಗೆ ಮಾರಾಟವಾಗುತ್ತ, ಹೆಸರು ಬದಲಿಸಿಕೊಳ್ಳುತ್ತ, ಕೊನೆಗೆ ಬೇರೆ ದೇಶದ ದೊಡ್ಡ ಸಮೂಹವೊಂದರಲ್ಲಿ ಕರಗಿತ್ತು.

ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಮುಂದಿನ ಕೆಲಸವನ್ನು ವಿವರಿಸುವುದು ಕಷ್ಟವಲ್ಲ. ಮದರ್ ಡೀಡಿನಿಂದ ಇಂದಿನ ಮಾರಾಟಗಾರನವರೆಗೆ ಕ್ರಯಪತ್ರಗಳ ಸರಪಳಿ ಎಲ್ಲಿಯೂ ಕಡಿದಿರಬಾರದು, ನಡುವೆ ಒಬ್ಬ ಅಣ್ಣತಮ್ಮನ ಸಹಿ ಬಿಟ್ಟುಹೋಗಿದ್ದರೂ ವಕೀಲರು ಕಡತವನ್ನು ಪಕ್ಕಕ್ಕಿಡುತ್ತಾರೆ. ಗೇಮ್‌ಗಳ ವಿಷಯದಲ್ಲೂ ನಾವು ಹುಡುಕುವುದು ಇಂಥದೇ ಸರಪಳಿಯನ್ನು. ಆದರೆ ಇಂಗ್ಲೆಂಡಿನಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿ ಎಂಬುದೇ ಇಲ್ಲವಾದ್ದರಿಂದ ಇಸಿ ತೆಗೆಸಲು ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯೂ ಇಲ್ಲ. ಇರುವುದು ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ದಾಖಲೆಗಳು ಮಾತ್ರ. ಅವನ್ನು ಯಾರು ಬೇಕಾದರೂ ಜಾಲದಲ್ಲಿ ಉಚಿತವಾಗಿ ನೋಡಬಹುದು, ಹಾಗಾಗಿ ನನ್ನ ಪ್ರತಿಯೊಂದು ಹುಡುಕಾಟವೂ ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮ ಸ್ಟುಡಿಯೊ ದಿವಾಳಿಯಾಗಿರಲಿಲ್ಲ. ವಾರ್ಷಿಕ ಲೆಕ್ಕಪತ್ರ ಸಲ್ಲಿಸದ ಕಾರಣ ಅದರ ಹೆಸರನ್ನು ನೋಂದಣಿಯಿಂದ ತೆಗೆದುಹಾಕಲಾಗಿತ್ತು. ಹೊರಗಿನವರಿಗೆ ಎರಡೂ ಒಂದೇ ಎನಿಸಬಹುದು, ನನಗೆ ಅದು ದೊಡ್ಡ ವ್ಯತ್ಯಾಸ. ದಿವಾಳಿಯಾಗಿದ್ದರೆ ಒಬ್ಬ ಲಿಕ್ವಿಡೇಟರ್ ಆಸ್ತಿಯ ಪಟ್ಟಿ ಮಾಡಿ ಯಾರಿಗಾದರೂ ಮಾರಿರುತ್ತಿದ್ದರು, ಅದರ ಕಾಗದ ಎಲ್ಲಾದರೂ ಸಿಗುತ್ತಿತ್ತು. ಸುಮ್ಮನೆ ವಿಸರ್ಜನೆಯಾದ ಕಂಪನಿಯ ಬಳಿ ಆಗ ಏನೇನು ಉಳಿದಿತ್ತೋ ಅದೆಲ್ಲವೂ, ಕೃತಿಸ್ವಾಮ್ಯವೂ ಸೇರಿ, ಇಂಗ್ಲೆಂಡಿನ ಕಾನೂನಿನಂತೆ ವಾರಸುದಾರರಿಲ್ಲದ ಆಸ್ತಿಯಾಗಿ ರಾಜಸತ್ತೆಗೆ ಹೋಗುತ್ತದೆ. ಕಂಪನಿಯ ನೋಂದಾಯಿತ ವಿಳಾಸ ಮ್ಯಾಂಚೆಸ್ಟರನ್ನೂ ಒಳಗೊಂಡ ಹಳೆಯ ಲ್ಯಾಂಕಾಶೈರ್ ಸೀಮೆಯದಾಗಿದ್ದರೆ ಅದು ಸರ್ಕಾರಕ್ಕೂ ಹೋಗದೆ, ಮಧ್ಯಯುಗದಿಂದ ಬಂದ ಡಚಿ ಆಫ್ ಲ್ಯಾಂಕಾಸ್ಟರ್ ಎಂಬ ಅರಸೊತ್ತಿಗೆಯ ಆಸ್ತಿ ಸಂಸ್ಥೆಗೆ ಸೇರುತ್ತದೆ. ಕಾರುಗಳನ್ನು ಒಂದಕ್ಕೊಂದು ಗುದ್ದಿಸುವ ಆಟದ ಪ್ರೋಗ್ರಾಮ್ ಇಂಗ್ಲೆಂಡಿನ ದೊರೆಯ ಜಹಗೀರಿಗೆ ಸೇರಿರಬಹುದೆಂದು ನಮ್ಮ ನಿರ್ದೇಶಕರಿಗೆ ನಾನು ವರದಿ ಬರೆದಾಗ, ಅವರು ಅದನ್ನು ತಮಾಷೆಯೆಂದೇ ಮೊದಲು ಭಾವಿಸಿದರು.

ಆ ಆಸ್ತಿಯನ್ನು ಕೊಂಡುಕೊಳ್ಳಲು ದಾರಿ ಇದೆ. ಅರ್ಜಿ ಹಾಕಬೇಕು, ಬೆಲೆ ಕೊಡಬೇಕು. ಆದರೆ ಹಾಗೆ ಮಾರುವವರು ಹಕ್ಕಿನ ಬಗ್ಗೆ ಯಾವ ಖಾತರಿಯನ್ನೂ ಕೊಡುವುದಿಲ್ಲ: ನಮ್ಮಲ್ಲಿ ಏನಾದರೂ ಇದ್ದರೆ ಅದು ನಿಮ್ಮದು ಎಂದಷ್ಟೇ ಪತ್ರದಲ್ಲಿರುತ್ತದೆ. ಇತ್ತ ಗೇಮನ್ನು ಮಾರುವ ಡಿಜಿಟಲ್ ಮಳಿಗೆಗಳು ನಮ್ಮಿಂದ ಪೂರ್ಣ ಖಾತರಿಯನ್ನೇ ಕೇಳುತ್ತವೆ. ಗೇಮಿನ ಪ್ರತಿಯೊಂದು ಅಂಶದ ಹಕ್ಕೂ ನಮ್ಮ ಬಳಿ ಇದೆ, ಯಾರಾದರೂ ದಾವೆ ಹೂಡಿದರೆ ನಷ್ಟವನ್ನು ನಾವೇ ಭರಿಸುತ್ತೇವೆ ಎಂದು ಬರೆದುಕೊಡಬೇಕು. ಕೊಳ್ಳುವಾಗ ಖಾತರಿಯಿಲ್ಲ, ಮಾರುವಾಗ ಪೂರ್ಣ ಖಾತರಿ. ಹಳೆಯ ಗೇಮ್‌ಗಳ ಮರುಬಿಡುಗಡೆಯ ತೊಡಕೆಲ್ಲ ಹುಟ್ಟುವುದು ಈ ಅಂತರದಲ್ಲಿ ಎಂಬುದು ನನ್ನ ಅಭಿಪ್ರಾಯ. ನನ್ನ ಕೆಲಸವೆಲ್ಲ ಆ ಅಂತರವನ್ನು ಒಂದೊಂದೇ ಕಾಗದದಿಂದ ಕಿರಿದುಗೊಳಿಸುತ್ತ ಹೋಗುವುದು.

ಸ್ಟುಡಿಯೊದ ಹಿಂದಿನ ನಿರ್ದೇಶಕರೊಬ್ಬರು ಸಿಕ್ಕರು. ಗೇಮಿನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಇದ್ದ ಡಿಸ್ಕುಗಳನ್ನು ಅವರು ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. "ನಾನೇ ಬರೆದದ್ದು, ನನ್ನದಲ್ಲದೆ ಇನ್ನಾರದು?" ಎಂಬುದು ಅವರ ಪ್ರಾಮಾಣಿಕ ನಂಬಿಕೆ. ನೌಕರಿಯಲ್ಲಿದ್ದಾಗ ಬರೆದದ್ದು ಮಾಲೀಕ ಕಂಪನಿಯದಾಗುತ್ತದೆ, ಕಂಪನಿ ಇಲ್ಲವಾದರೂ ಅದು ತಾನಾಗಿ ಬರೆದವನಿಗೆ ಮರಳುವುದಿಲ್ಲ ಎಂಬುದನ್ನು ಅವರಿಗೆ ಹೇಳುವುದು ನನಗೆ ಹಿತವೆನಿಸಲಿಲ್ಲ. ಕೊನೆಗೆ ಅವರಿಂದ, ನಮ್ಮ ಕಡೆ ಜಮೀನಿಗೆ ಬರೆಸಿಕೊಳ್ಳುವ ಹಾಗೆಯೇ, ತಮಗೆ ಏನಾದರೂ ಹಕ್ಕಿದ್ದರೆ ಬಿಟ್ಟುಕೊಟ್ಟಿರುವುದಾಗಿ ಒಂದು ಹಕ್ಕು ಖುಲಾಸೆ ಪತ್ರ ಬರೆಸಿಕೊಂಡೆವು. ಡಿಸ್ಕುಗಳಿಗೂ ಸಲಹೆಗೂ ಪ್ರತ್ಯೇಕವಾಗಿ ಸಂಭಾವನೆ ಕೊಟ್ಟೆವು. ಕಾನೂನಿನ ಪ್ರಕಾರ ಆ ಪತ್ರಕ್ಕೆ ಬೆಲೆ ಕಡಿಮೆ ಇರಬಹುದು, ಆದರೆ ಮುಂದೆ ದಾವೆ ಹೂಡಬಲ್ಲ ಒಬ್ಬರು ಕಡಿಮೆಯಾದರು.

ಪ್ರಕಾಶನ ಕಂಪನಿ ಕರಗಿಹೋಗಿದ್ದ ಆ ದೊಡ್ಡ ಸಮೂಹದ ಕಡೆಯಿಂದ ಉತ್ತರವೇ ಬರುತ್ತಿರಲಿಲ್ಲ. ಇದಕ್ಕೆ ದುರುದ್ದೇಶ ಕಾರಣವೆಂದು ನಾನು ಎಂದೂ ಎಣಿಸಿಲ್ಲ. ಕೆಲವೇ ಡಾಲರ್ ಬೆಲೆಗೆ ಮಾರಾಟವಾಗುವ ಗೇಮಿಗಾಗಿ, ಊರಾಚೆಯ ಗೋದಾಮಿನಲ್ಲಿರುವ ಪೆಟ್ಟಿಗೆ ತೆರೆಸಿ ಹಳೆಯ ಕರಾರು ಓದಿಸುವ ವಕೀಲರ ಖರ್ಚು ಅವರಿಗೆ ಬರಬಹುದಾದ ರಾಯಲ್ಟಿಗಿಂತ ಹೆಚ್ಚು. ಇಲ್ಲವೆನ್ನುವವರ ಜೊತೆ ಚೌಕಾಸಿ ಮಾಡಬಹುದು, ತಮ್ಮ ಬಳಿ ಏನಿದೆಯೆಂದೇ ತಿಳಿಯದವರ ಜೊತೆ ಏನನ್ನೂ ಮಾಡಲಾಗದು. 2000ದಲ್ಲಿ ಮೊನೊಲಿತ್ ಎಂಬ ಸ್ಟುಡಿಯೊ ತಯಾರಿಸಿದ ‘ನೋ ಒನ್ ಲಿವ್ಸ್ ಫಾರೆವರ್’ ಇದಕ್ಕೆ ಎಲ್ಲರೂ ಹೇಳುವ ನಿದರ್ಶನ. ಪ್ರಕಾಶಕರಾಗಿದ್ದ ಫಾಕ್ಸ್ ಇಂಟರಾಕ್ಟಿವ್ 2003ರಲ್ಲಿ ವಿವೆಂಡಿಯ ಪಾಲಾಯಿತು, ಮೊನೊಲಿತ್ ಮರುವರ್ಷ ವಾರ್ನರ್ ಬ್ರದರ್ಸ್‌ಗೆ ಸೇರಿತು, ವಿವೆಂಡಿಯ ಗೇಮ್ ವಿಭಾಗ 2008ರಲ್ಲಿ ಆಕ್ಟಿವಿಶನ್ ಜೊತೆ ವಿಲೀನವಾಯಿತು. ಹಳೆಯ ಗೇಮ್‌ಗಳನ್ನು ಮತ್ತೆ ಬಿಡುಗಡೆ ಮಾಡುವ ನೈಟ್‌ಡೈವ್ ಸ್ಟುಡಿಯೊಸ್‌ನವರು ವಾರ್ನರ್, ಆಕ್ಟಿವಿಶನ್, ಫಾಕ್ಸ್ ಮೂರೂ ಕಡೆಯ ಬಾಗಿಲು ತಟ್ಟಿದರೂ ಒಪ್ಪಿಗೆ ಕೂಡಿಬರಲಿಲ್ಲ. ಇದೇ ನೈಟ್‌ಡೈವ್‌ನ ಸ್ಟೀಫನ್ ಕಿಕ್ ಅದಕ್ಕೂ ಮೊದಲು, ಲುಕಿಂಗ್ ಗ್ಲಾಸ್ ಸ್ಟುಡಿಯೊ ಮುಚ್ಚಿದ ನಂತರ ವಿಮಾ ಕಂಪನಿಯೊಂದರ ಕೈಯಲ್ಲಿ ಉಳಿದಿದ್ದ ‘ಸಿಸ್ಟಮ್ ಶಾಕ್ 2’ರ ಹಕ್ಕನ್ನು ಪತ್ತೆಹಚ್ಚಿ, 2013ರಲ್ಲಿ ಅದನ್ನು ಮತ್ತೆ ಮಾರಾಟಕ್ಕೆ ತಂದಿದ್ದರು. ವಿಮಾ ಕಂಪನಿಗೆ ತನ್ನ ಬಳಿ ಏನಿದೆಯೆಂದು ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ನಮ್ಮ ಗೇಮಿನ ಪ್ರಕಾಶನ ಕರಾರು ಆ ಹಿಂದಿನ ನಿರ್ದೇಶಕರ ಕಡತದಲ್ಲೇ ಸಿಕ್ಕಿತು. ಮೂಲ ಪ್ರತಿಯಲ್ಲ, ಫ್ಯಾಕ್ಸ್‌ನಲ್ಲಿ ಬಂದದ್ದು. ಆ ಕಾಲದ ಥರ್ಮಲ್ ಕಾಗದ ಹಳದಿಗಟ್ಟಿ, ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರಗಳು ಪೂರ್ತಿ ಮಾಸಿದ್ದವು. ಪ್ರಕಾಶಕರಿಗೆ ಕೊಟ್ಟ ಹಕ್ಕಿನ ಕಲಮು ಮಾತ್ರ ಓದುವಂತಿತ್ತು: ಫ್ಲಾಪಿ, ಸಿಡಿ-ರಾಮ್, ಕಾರ್ಟ್ರಿಡ್ಜ್, ಮತ್ತು ‘ಇಂತಹ ಇತರ ಮಾಧ್ಯಮಗಳು’. ಡೌನ್‌ಲೋಡ್ ಎಂಬುದು ‘ಇಂತಹ ಇತರ ಮಾಧ್ಯಮ’ವೇ? ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಹಕ್ಕು ವರ್ಗಾಯಿಸುವಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆದಿದ್ದ ಹೊರತು, ಆ ವರ್ಗಾವಣೆ ಅನ್ವಯಿಸದು. ಇಂಗ್ಲೆಂಡಿನ ಕಾಯ್ದೆಯಲ್ಲಿ ಹೀಗೆ ಗೆರೆ ಎಳೆದ ಮಾತಿಲ್ಲ. ಅಲ್ಲಿ ಎಲ್ಲವೂ ಆಯಾ ಕರಾರಿನ ಒಕ್ಕಣೆಯನ್ನು ಅವಲಂಬಿಸಿದೆ. ನಮ್ಮ ದೇಶದ ಕಾನೂನನ್ನು ಇಲ್ಲಿ ಮೆಚ್ಚಿಕೊಳ್ಳದೆ ಇರಲಾರೆ. ನಾವು ವಾದಕ್ಕೆ ಹೋಗಲಿಲ್ಲ. ಹಕ್ಕಿನ ಅವಧಿ ಮುಗಿದಿದೆಯೆಂದೂ, ಒಂದುವೇಳೆ ಏನಾದರೂ ಉಳಿದಿದ್ದರೆ ಅದಕ್ಕೆ ಇಂತಿಷ್ಟು ಶೇಕಡಾ ರಾಯಲ್ಟಿ ಕೊಡುತ್ತೇವೆಂದೂ ಒಂದೇ ಪುಟದ ಖುಲಾಸೆ ಪತ್ರವನ್ನು ನಾವೇ ಸಿದ್ಧಪಡಿಸಿ ಆ ಸಮೂಹಕ್ಕೆ ಕಳುಹಿಸಿದೆವು. ಅವರ ವಕೀಲರು ಹುಡುಕಬೇಕಾದದ್ದು ಏನೂ ಇಲ್ಲ, ಸಹಿ ಮಾಡಿದರೆ ಸಾಕು ಎಂಬಂತಾದಾಗ ಕಾಗದ ಕೊನೆಗೂ ಅಲುಗಾಡಿತು.

ಸಂಗೀತದ ಭಾಗಕ್ಕೆ ಬಂದಾಗಲೇ ನಿಜವಾದ ಚೌಕಾಸಿ ಶುರುವಾದದ್ದು. ಒಂದು ಹಾಡಿಗೆ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ: ರಾಗ ಮತ್ತು ಸಾಹಿತ್ಯದ್ದೊಂದು, ಧ್ವನಿಮುದ್ರಣದ್ದು ಇನ್ನೊಂದು. ಸಾಮಾನ್ಯವಾಗಿ ಅವು ಇಬ್ಬರ ಬಳಿ ಇರುತ್ತವೆ, ಮತ್ತು ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರಿಗೂ ಅಷ್ಟೇ ಕೊಡಬೇಕೆಂಬ ಷರತ್ತನ್ನು ಇಬ್ಬರೂ ಹಾಕುತ್ತಾರೆ. ಇವು ಅವಧಿಗೆ ಕಟ್ಟುಬಿದ್ದ ಲೈಸೆನ್ಸ್‌ಗಳಾದ್ದರಿಂದ ಹೊಸ ಗೇಮ್‌ಗಳೂ ತೊಂದರೆಗೆ ಸಿಲುಕುತ್ತವೆ. 2010ರ ‘ಅಲನ್ ವೇಕ್’ ಸಂಗೀತದ ಅವಧಿ ಮುಗಿದದ್ದರಿಂದ 2017ರ ಮೇ ತಿಂಗಳಲ್ಲಿ ಮಾರಾಟದಿಂದ ಹೊರಬಿದ್ದು, ಮರುವರ್ಷದ ಅಕ್ಟೋಬರಿನಲ್ಲಿ ಹಿಂದಿರುಗಿತು. 2018ರಲ್ಲಿ ‘ಜಿಟಿಎ 4’ರ ಆಟದೊಳಗಿನ ರೇಡಿಯೊದಿಂದ ಹಲವು ಹಾಡುಗಳು ಮಾಯವಾದವು. ಸೆಗಾ ತನ್ನ ‘ಕ್ರೇಜಿ ಟ್ಯಾಕ್ಸಿ’ಯನ್ನು 2010ರಲ್ಲಿ ಮತ್ತೆ ತಂದಾಗ ಆಫ್‌ಸ್ಪ್ರಿಂಗ್ ಮತ್ತು ಬ್ಯಾಡ್ ರಿಲಿಜನ್ ತಂಡಗಳ ಹಾಡುಗಳಷ್ಟೇ ಅಲ್ಲ, ಪ್ರಯಾಣಿಕರು ಹೋಗಬೇಕೆನ್ನುತ್ತಿದ್ದ ಕೆಎಫ್‌ಸಿ, ಪಿಜ್ಜಾ ಹಟ್ ಅಂಗಡಿಗಳೂ ಇರಲಿಲ್ಲ. ಆ ಗೇಮನ್ನು ಆಡಿ ಬೆಳೆದವರಿಗೆ ಹಾಡಿಲ್ಲದ ಆವೃತ್ತಿ ರುಚಿಸಲಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಮ್ಮ ಗೇಮಿನಲ್ಲಿ ಹೆಚ್ಚಿನ ಸಂಗೀತವನ್ನು ಕೂಲಿಗೆ ಮಾಡಿಕೊಟ್ಟಿದ್ದವರು ಒಬ್ಬ ಸ್ವತಂತ್ರ ಸಂಗೀತಗಾರರು, ಸ್ಟುಡಿಯೊದ ನೌಕರರಲ್ಲ. ಸಹಿಯಿರುವ ವರ್ಗಾವಣೆ ಪತ್ರ ಇಲ್ಲದಿದ್ದರೆ ಅಂಥವರ ಕೃತಿಸ್ವಾಮ್ಯ ಅವರಲ್ಲೇ ಉಳಿಯುತ್ತದೆ. ಪತ್ರ ಇರಲಿಲ್ಲ, ಇದ್ದದ್ದು ಹಣ ಸಂದಾಯವಾದ ರಸೀದಿ ಮಾತ್ರ. ಆ ಮಹನೀಯರು ಹಣಕ್ಕಿಂತ ಮುಖ್ಯವಾಗಿ ಕೇಳಿದ್ದು ಪೆಟ್ಟಿಗೆಯ ಮೇಲೆ ಅಂದು ಬಿಟ್ಟುಹೋಗಿದ್ದ ತಮ್ಮ ಹೆಸರು ಈ ಬಾರಿಯಾದರೂ ಇರಬೇಕೆಂದು. ಉಳಿದ ಎರಡು ಹಾಡುಗಳು ರೆಕಾರ್ಡ್ ಕಂಪನಿಗಳಿಗೆ ಸೇರಿದ್ದವು. ಒಂದು ಸಿಕ್ಕಿತು. ಇನ್ನೊಂದರ ತಂಡದ ಸದಸ್ಯರು ತಮ್ಮತಮ್ಮಲ್ಲೇ ವ್ಯಾಜ್ಯ ಹೂಡಿಕೊಂಡಿದ್ದರಿಂದ ಅದನ್ನು ಕೈಬಿಟ್ಟೆವು. ಕೈಬಿಡುವುದೂ ಸುಲಭವಾಗಿರಲಿಲ್ಲ, ಏಕೆಂದರೆ ಆ ಕಾಲದ ಸಿಡಿಯಲ್ಲಿ ಮೊದಲ ಟ್ರ್ಯಾಕ್ ಗೇಮಿನ ದತ್ತಾಂಶ, ಎರಡರಿಂದ ಮುಂದಕ್ಕೆ ಹಾಡುಗಳು, ಮತ್ತು ಪ್ರೋಗ್ರಾಮ್ ಹಾಡನ್ನು ಕರೆಯುವುದು ಟ್ರ್ಯಾಕ್ ಸಂಖ್ಯೆಯಿಂದ. ಒಂದನ್ನು ಕಿತ್ತರೆ ಮುಂದಿನವೆಲ್ಲ ಒಂದೊಂದು ಸ್ಥಾನ ಹಿಂದೆ ಸರಿದು, ಮಳೆಯ ರಾತ್ರಿಯ ರೇಸಿಗೆ ಗೆಲುವಿನ ತುತ್ತೂರಿ ಮೊಳಗುತ್ತದೆ. ಆದ್ದರಿಂದ ಅದೇ ಸಂಗೀತಗಾರರಿಂದ ಅಷ್ಟೇ ಉದ್ದದ ಹೊಸ ತುಣುಕೊಂದನ್ನು ಮಾಡಿಸಿ, ಖಾಲಿಯಾದ ಸ್ಥಾನದಲ್ಲಿ ಕೂರಿಸಿದೆವು. ಈ ಬಾರಿ ವರ್ಗಾವಣೆ ಪತ್ರಕ್ಕೆ ಮೊದಲೇ ಸಹಿಯಾಯಿತು.

ಕಾರುಗಳ ವಿಷಯವನ್ನು ಬೇಗ ಮುಗಿಸಬಹುದು. ಹೆಸರುಗಳು ಕಲ್ಪಿತವಾಗಿದ್ದವು, ಆಕಾರ ಅನಿರ್ದಿಷ್ಟವಾಗಿತ್ತು, ಆ ಕಾಲದ ಒರಟು ಗ್ರಾಫಿಕ್ಸ್ ನಮ್ಮನ್ನು ಕಾಪಾಡಿತು. ನಿಜವಾದ ಕಾರುಗಳಿರುವ ‘ಫೋರ್ಜಾ ಹೊರೈಜನ್ 4’ರಂತಹ ಗೇಮ್‌ಗೆ ಆ ಅದೃಷ್ಟವಿಲ್ಲ: 2018ರಲ್ಲಿ ಬಂದ ಅದು ಕಾರು ಮತ್ತಿತರ ಲೈಸೆನ್ಸ್‌ಗಳ ಅವಧಿ ತೀರಿ 2024ರ ಡಿಸೆಂಬರಿನಲ್ಲಿ ಮಳಿಗೆಗಳಿಂದ ತೆರವಾಯಿತು. ಹಳೆಯ ಗೇಮನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸಲು ಡಾಸ್ ವಾತಾವರಣವನ್ನು ಅನುಕರಿಸುವ ಡಾಸ್‌ಬಾಕ್ಸ್ ಮುಕ್ತ ತಂತ್ರಾಂಶವಾದರೂ ಅದಕ್ಕೂ ಲೈಸೆನ್ಸ್ ಇದೆ. ಅದರ ಪಠ್ಯವನ್ನು ಜೊತೆಗಿರಿಸಿ, ಅದರ ಸೋರ್ಸ್ ಕೋಡ್ ಕೇಳಿದವರಿಗೆ ಕೊಡಬೇಕು. ಉಚಿತವಾಗಿ ಸಿಗುತ್ತದೆಂದು ಈ ಷರತ್ತನ್ನು ಕಡೆಗಣಿಸುವವರನ್ನು ಕಂಡಿದ್ದೇನೆ.

ಚಿತ್ರಕಾರರೊಬ್ಬರು ಮಾತ್ರ ಎಲ್ಲಿಯೂ ಸಿಗಲಿಲ್ಲ. ಮಾಲೀಕರು ಪತ್ತೆಯಾಗದ ಕೃತಿಗಳಿಗೆ ಬ್ರಿಟನ್ನಿನಲ್ಲಿ 2014ರಿಂದ ಸರ್ಕಾರಿ ಲೈಸೆನ್ಸ್ ವ್ಯವಸ್ಥೆ ಇದೆ. ಆದರೆ ಅದು ಬ್ರಿಟನ್ನಿನೊಳಗೆ ಮಾತ್ರ ಸಲ್ಲುತ್ತದೆ, ಒಮ್ಮೆಗೆ ಹೆಚ್ಚೆಂದರೆ ಏಳು ವರ್ಷಕ್ಕೆ. ಲೋಕಕ್ಕೆಲ್ಲ ಮಾರುವ ಡಿಜಿಟಲ್ ಮಳಿಗೆಗೆ ಅದರಿಂದ ಏನು ಪ್ರಯೋಜನ? ಆ ಚಿತ್ರಕಾರರು ಬರೆದಿದ್ದ ಹಿನ್ನೆಲೆ ಚಿತ್ರಗಳನ್ನು ಹಾಗೆಯೇ ಉಳಿಸಿಕೊಂಡು, ಅವರ ಪಾಲೆಂದು ರಾಯಲ್ಟಿಯ ಒಂದಂಶವನ್ನು ಪ್ರತ್ಯೇಕ ಖಾತೆಯಲ್ಲಿ ಇಡುತ್ತಿದ್ದೇವೆ. ಹುಡುಕಾಟದ ಪ್ರತಿ ಪತ್ರವೂ ಕಡತದಲ್ಲಿದೆ. ಅಪಾಯ ಪೂರ್ತಿ ನಿವಾರಣೆಯಾಗಿಲ್ಲ, ಅದನ್ನು ನಮ್ಮ ವಿಮೆಯವರಿಗೆ ತಿಳಿಸಿಯೇ ಮುಂದುವರಿದೆವು.

ಕೊನೆಯವರೆಗೂ ಜಗ್ಗಾಡಿದ್ದು ಒಪ್ಪಿಗೆ ಸಿಕ್ಕ ಹಾಡಿನ ಕರಾರಿನ ಒಂದು ಕಲಮು. ಅವಧಿ ಮುಗಿದ ದಿನದಿಂದ ಹಾಡಿನ ಎಲ್ಲ ಬಳಕೆಯೂ ನಿಲ್ಲಬೇಕು ಎಂದು ರೆಕಾರ್ಡ್ ಕಂಪನಿ ಬರೆದಿತ್ತು. ಹೊಸ ಮಾರಾಟ ನಿಲ್ಲಿಸಲು ನಮಗೆ ಅಡ್ಡಿಯಿರಲಿಲ್ಲ, ಆದರೆ ಹಣ ಕೊಟ್ಟು ಕೊಂಡವರು ಮುಂದೊಮ್ಮೆ ಕಂಪ್ಯೂಟರ್ ಬದಲಿಸಿ ಮತ್ತೆ ಡೌನ್‌ಲೋಡ್ ಮಾಡಿದಾಗ ಆ ಹಾಡು ಇರಲೇಬೇಕೆಂದು ಪಟ್ಟು ಹಿಡಿದೆ. ಅವರ ಕಡೆಯ ವಕೀಲರಿಗೆ ಮರುಡೌನ್‌ಲೋಡ್ ಎಂದರೆ ಮತ್ತೊಂದು ಪ್ರತಿ, ಮತ್ತೊಂದು ಪ್ರತಿಯೆಂದರೆ ಮತ್ತೊಂದು ಶುಲ್ಕ. ಹಿಂದೆ ಕೊಂಡವರ ಡೌನ್‌ಲೋಡ್‌ಗೆ ಅವಧಿಯ ಮಿತಿಯಿಲ್ಲ ಎಂಬ ಸಾಲಿಗೆ ಒಪ್ಪಿಸಲು ಮುಂಗಡ ಹಣವನ್ನು ತುಸು ಏರಿಸಬೇಕಾಯಿತು, ಆ ಏರಿಕೆಯನ್ನು ನಮ್ಮ ಪ್ರಚಾರದ ವೆಚ್ಚದಿಂದ ಕಳೆದೆವು.