ವಿದೇಶದ ಕಿವುಡ ಮಕ್ಕಳ ಶಾಲೆಗೆ ಭೇಟಿ: ಹೊರಡುವ ಮುನ್ನ, ಹೋದ ಮೇಲೆ

ವಿದೇಶದಲ್ಲಿ ಕಿವುಡ ಮಕ್ಕಳಿಗಾಗಿ ಇಲ್ಲವೇ ಆಸರೆಯಿಲ್ಲದ ಮಕ್ಕಳಿಗಾಗಿ ನಡೆಯುವ ಸೇವಾ ಯೋಜನೆಯನ್ನು ನೋಡಲು ಹೊರಡುವವರು, ಟಿಕೆಟ್ ಕೊಳ್ಳುವ ಮೊದಲೇ ಆ ಸಂಸ್ಥೆಗೆ ಬರೆದು, ಅದರ ನೋಂದಣಿ, ವಾರ್ಷಿಕ ಲೆಕ್ಕಪತ್ರ ಹಾಗೂ ಮಕ್ಕಳ ರಕ್ಷಣಾ ನಿಯಮಗಳ ಪ್ರತಿಯನ್ನು ಕೇಳಿ ಪಡೆಯಬೇಕು. ಅವರು ನಿಮ್ಮಿಂದ ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಬೇಸರಪಡಬೇಡಿ. ಬಂದವರನ್ನು ಏನೂ ವಿಚಾರಿಸದೆ ಮಕ್ಕಳ ಬಳಿಗೆ ಬಿಡುವ ಸಂಸ್ಥೆಯ ಬಗ್ಗೆಯೇ ಅನುಮಾನಪಡಬೇಕು.

ಮಕ್ಕಳು ಅಲ್ಲಿಯೇ ವಾಸವಾಗಿದ್ದರೆ, ಅವರ ಹೆತ್ತವರು ಎಲ್ಲಿದ್ದಾರೆ, ಮನೆಗೆ ಮರಳಿಸುವ ಪ್ರಯತ್ನವೇನು ನಡೆದಿದೆ ಎಂದು ಕೇಳಿ. ಅನಾಥಾಲಯಗಳಲ್ಲಿರುವ ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ಪ್ರವಾಸಿಗರು ಅನಾಥಾಲಯಗಳಲ್ಲಿ ಸ್ವಯಂಸೇವೆಗೆಂದು ಬರುವುದು ಮಕ್ಕಳ ಸಾಗಣೆ, ಶೋಷಣೆಗೆ ದಾರಿಯಾಗಬಹುದೆಂದು ವಿಶ್ವಸಂಸ್ಥೆಯ ಮಹಾಸಭೆ 2019ರ ನಿರ್ಣಯದಲ್ಲಿ ಎಚ್ಚರಿಸಿದೆ.

ನಂತರದ್ದು ಭಾಷೆಯ ಸಿದ್ಧತೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಸಂಜ್ಞಾ ಭಾಷೆ ಜಗತ್ತಿಗೆಲ್ಲ ಒಂದೇ ಅಲ್ಲ. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಜನ ಆಡುವುದು ಇಂಗ್ಲಿಷೇ ಆದರೂ ಅಲ್ಲಿನ ಕಿವುಡರ ಸಂಜ್ಞಾ ಭಾಷೆಗಳು ಬೇರೆ ಬೇರೆ. ಅಮೆರಿಕದ್ದು ಫ್ರಾನ್ಸಿನದಕ್ಕೆ ಹತ್ತಿರವಾದದ್ದು. ಆದ್ದರಿಂದ ಹೋಗುವ ದೇಶದ ಸಂಜ್ಞೆಗಳಲ್ಲಿ ನಮಸ್ಕಾರ, ಕುಶಲೋಪರಿಯಷ್ಟನ್ನಾದರೂ ಕಲಿತು, ಅಲ್ಲಿನ ಕಿವುಡರ ಸಂಘದ ಮೂಲಕ ದುಭಾಷಿಯೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಶಾಲೆಯಲ್ಲಿ ಎಷ್ಟು ಮಂದಿ ಕಿವುಡ ಶಿಕ್ಷಕರಿದ್ದಾರೆಂದು ತಪ್ಪದೆ ವಿಚಾರಿಸಿ. ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು, ಅಂಗವಿಕಲ ಶಿಕ್ಷಕರನ್ನೂ ಸೇರಿಸಿ, ನೇಮಿಸಿಕೊಳ್ಳುವುದು ಸರ್ಕಾರಗಳ ಹೊಣೆಯೆಂದು ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಹೇಳುತ್ತದೆ.

ತರಗತಿಯಲ್ಲಿ ಕಿಟಕಿಗೆ ಬೆನ್ನು ಮಾಡಿ ನಿಂತರೆ ನಿಮ್ಮ ಮುಖಕ್ಕೆ ನೆರಳು ಬಿದ್ದು, ತುಟಿಯ ಚಲನೆಯಾಗಲಿ ಕೈಸನ್ನೆಯಾಗಲಿ ಮಕ್ಕಳಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಗಮನ ಸೆಳೆಯಬೇಕಾದರೆ ಎದುರಿನಿಂದ ಕೈ ಬೀಸಿ. ಮಾತನಾಡುವಾಗ ದುಭಾಷಿಯನ್ನಲ್ಲ, ಮಗುವನ್ನೇ ನೋಡಿ. ಪೋಷಕರು ಮತ್ತು ಮಗು ಇಬ್ಬರೂ ಒಪ್ಪದ ಹೊರತು ಫೋಟೊ ಬೇಡ.

ಉಡುಗೊರೆಯಾಗಿ ಹಳೆಯ ಶ್ರವಣ ಸಾಧನಗಳನ್ನು ಒಯ್ಯುವ ಮುನ್ನ ಶಾಲೆಯವರನ್ನು ಕೇಳಿ. ಸಾಧನವನ್ನು ಪ್ರತಿ ಮಗುವಿನ ಶ್ರವಣ ಪರೀಕ್ಷೆಗೆ ತಕ್ಕಂತೆ ತಜ್ಞರೇ ಹೊಂದಿಸಬೇಕು. ಕಿವಿಯ ಅಳತೆ ತೆಗೆದು ಮಾಡಿದ ಅಚ್ಚು ಮಗು ಬೆಳೆದಂತೆ ಸಡಿಲವಾಗಿ ಸಾಧನ ಸಿಳ್ಳೆ ಹೊಡೆಯತೊಡಗುತ್ತದೆ, ಆಗ ಹೊಸ ಅಚ್ಚು ಬೇಕು. ಬ್ಯಾಟರಿಯನ್ನಂತೂ ಮತ್ತೆ ಮತ್ತೆ ಬದಲಿಸುತ್ತಲೇ ಇರಬೇಕು. ಇವಕ್ಕೆ ವ್ಯವಸ್ಥೆಯಿಲ್ಲದ ಕಡೆ ಕೊಟ್ಟ ಸಾಧನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದಕ್ಕಿಂತ ಬ್ಯಾಟರಿ, ಅಚ್ಚು, ಶಿಕ್ಷಕರ ಸಂಬಳಕ್ಕೆಂದು ತಿಂಗಳು ತಿಂಗಳು ಸ್ವಲ್ಪ ಹಣ ಕಳುಹಿಸುವುದು ಹೆಚ್ಚು ಉಪಕಾರ. ಹಣವನ್ನು ಯಾರ ಕೈಗೂ ಕೊಡದೆ ಸಂಸ್ಥೆಯ ಖಾತೆಗೇ ಜಮಾ ಮಾಡಿ, ರಸೀದಿ ಪಡೆಯಿರಿ.