ಒಂದನೇ ನಂಬರಿನ ಟ್ರಂಕು

ನಮ್ಮ ಯಜಮಾನರು ಮಿಲಿಟರಿಯಲ್ಲಿದ್ದ 22 ವರ್ಷದಲ್ಲಿ ನಾನು 7 ಸಲ ಗಂಟುಮೂಟೆ ಕಟ್ಟಿದ್ದೇನೆ. ಈಗ ಕಾಸರಗೋಡಿನ ಕುಂಬಳೆಯಲ್ಲೇ ಇದ್ದೇವೆ. ಮಿಲಿಟರಿಯಲ್ಲಿರುವ ಯಾರಿಗಾದರೂ ಬೇರೆ ಊರಿಗೆ ಪೋಸ್ಟಿಂಗ್ ಬಂದರೆ ಊರಿನ ಹೆಣ್ಣುಮಕ್ಕಳು ಹೊರಡುವುದು ಹೇಗೆ ಅಂತ ಕೇಳಿಕೊಂಡು ಬರುತ್ತಾರೆ, ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಸಾಮಾನು ಆಮೇಲೆ, ಮೊದಲು ಕಾಗದಪತ್ರ. ಮಕ್ಕಳ ಟಿ.ಸಿ., ಜನನ ಪ್ರಮಾಣಪತ್ರ, ಲಸಿಕೆಯ ಪುಸ್ತಕ, ಮನೆಯವರಿಗೆ ಮಿಲಿಟರಿ ಕೊಡುವ ಡಿಪೆಂಡೆಂಟ್ ಕಾರ್ಡ್, ಮಿಲಿಟರಿ ಕ್ಯಾಂಟೀನಿನ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿರಲಿ, ಆ ಫೈಲು ನಿಮ್ಮ ಹೆಗಲ ಚೀಲದಲ್ಲೇ ಇರಲಿ. ಕೇಂದ್ರೀಯ ವಿದ್ಯಾಲಯಕ್ಕೆ ಸೇರಿಸುವುದಾದರೆ ಕಳೆದ 7 ವರ್ಷದಲ್ಲಿ ಎಷ್ಟು ಸಲ ವರ್ಗ ಆಗಿದೆ ಅನ್ನುವ ಸರ್ಟಿಫಿಕೇಟ್ ಕೇಳುತ್ತಾರೆ, ಯಜಮಾನರಿಗೆ ಈಗಲೇ ನೆನಪು ಮಾಡಿ. ಇಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ಮಗುವಿಗೆ ಒಂದು ತಿಂಗಳು ಮೊದಲೇ ದಿನಾ ಸ್ವಲ್ಪ ಹಿಂದಿ ಮಾತಾಡಿಸಿ. ನನ್ನ ದೊಡ್ಡವಳಿಗೆ ಅಲ್ಲಿ ಕ್ಲಾಸಿನಲ್ಲಿ ನೀರು ಕುಡಿಯಲು ಹೋಗಲಾ ಅಂತ ಕೇಳಲೂ ಬರುತ್ತಿರಲಿಲ್ಲ. ವಾರವಿಡೀ ಸುಮ್ನೆ ಕೂತಿದ್ದಳಂತೆ. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಗ್ಯಾಸ್ ಸಿಲಿಂಡರು, ರೆಗ್ಯುಲೇಟರು ಏಜೆನ್ಸಿಗೆ ಕೊಟ್ಟು ಟ್ರಾನ್ಸ್‌ಫರ್ ವೋಚರ್ ತೆಗೆದುಕೊಳ್ಳಿ. ಇಲ್ಲಿನ ಕೆಎಲ್ 14 ನಂಬರಿನ ಸ್ಕೂಟರನ್ನು ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮಾಡಿಸಿ.

ಇನ್ನು ಕಪ್ಪು ಟ್ರಂಕು. ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ಯೂನಿಟ್ ಬರೆಸುತ್ತಾರಲ್ವಾ, ಅದರ ಪಕ್ಕ ನೀವೂ ಒಂದು ನಂಬರು ಹಾಕಿ. ಒಂದನೇ ನಂಬರು ಕೊನೆಗೆ ತುಂಬುವುದು, ಹೋದ ಕೂಡಲೇ ತೆರೆಯುವುದು. ಅದಕ್ಕೆ ಎರಡು ಬೆಡ್‌ಶೀಟು, ಬಲ್ಬು, ಬಕೆಟು, ಕುಕ್ಕರು, ಮೂರು ದಿನಕ್ಕಾಗುವಷ್ಟು ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಅಕ್ಕಿಯೊಳಗೆ ನಾಲ್ಕು ಒಣಮೆಣಸು ಹಾಕಿದರೆ ಹುಳ ಬರುವುದಿಲ್ಲ. ದೋಸೆ ಕಾವಲಿಗೆ ಎಣ್ಣೆ ಸವರಿ ಹಳೆ ಸೀರೆಯಲ್ಲಿ ಸುತ್ತಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಹೆರೆಮಣೆಯ ನಾಲಗೆಗೆ ಗೋಣಿ ಬಟ್ಟೆ ಬಿಗಿಯಾಗಿ ಕಟ್ಟಿ. ಉತ್ತರದ ಚಳಿಗೆ ಹೋಗುವವರು ತೆಂಗಿನೆಣ್ಣೆಯನ್ನು ಅಗಲ ಬಾಯಿಯ ಡಬ್ಬದಲ್ಲಿ ಒಯ್ಯಿರಿ. ಬಾಟಲಿಯಲ್ಲಿ ಗಟ್ಟಿಯಾದರೆ ಕಡ್ಡಿ ಹಾಕಿ ಕೆರೆಯಬೇಕಾಗುತ್ತದೆ. ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಎರಡು ರಾತ್ರಿ, ಚಿಕ್ಕ ಮಕ್ಕಳಿದ್ದರೆ ಅವಲಕ್ಕಿ, ಬೆಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಕ್ವಾರ್ಟರ್ಸ್ ವಹಿಸಿಕೊಳ್ಳುವ ದಿನ ಎಷ್ಟೇ ಸುಸ್ತಾದರೂ ಫ್ಯಾನು, ನಲ್ಲಿ, ಗಾಜು, ಚಿಲಕ ಒಂದೊಂದಾಗಿ ನೋಡಿಯೇ ಮನೆಯ ಸಾಮಾನಿನ ಪಟ್ಟಿಗೆ ಸಹಿ ಹಾಕಲು ಯಜಮಾನರಿಗೆ ಹೇಳಿ. ಒಂದು ಕಡೆ ನಾವು ನೋಡದೆ ಸಹಿ ಹಾಕಿ, ಮೊದಲೇ ಒಡೆದಿದ್ದ ಬೇಸಿನ್ನಿಗೆ ಬಿಟ್ಟು ಹೊರಡುವಾಗ ದುಡ್ಡು ತೆತ್ತೆವು.

ಆ ಸಂಜೆ ಪಕ್ಕದ ಮನೆಯವರು ಚಹಾವೋ ರೊಟ್ಟಿಯೋ ತಂದೇ ತರುತ್ತಾರೆ, ಬೇಡ ಅನ್ನಬೇಡಿ. ಅವರ ಪಾತ್ರೆಯನ್ನು ಖಾಲಿಯಾಗಿ ವಾಪಸ್ ಕೊಡಲೂಬೇಡಿ. ಒಂದನೇ ನಂಬರಿನ ಟ್ರಂಕಿನಲ್ಲಿ ಹಪ್ಪಳ ಇದೆಯಲ್ಲ, ನಾಲ್ಕು ಕರಿದು ಹಾಕಿ ಕೊಡಿ.